ಅಡುಗೆಮನೆಯ ಕಳ್ಳ

ಅಡುಗೆಮನೆಯ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮರ ಉಬ್ಬಿ ಚೌಕಟ್ಟಿಗೆ ಸಿಕ್ಕಿ, ಎರಡು ಬೆರಳಿನಷ್ಟು ಸಂದಿ ಬಿಟ್ಟು ನಿಂತುಬಿಡುತ್ತದೆ. ಬಡಗಿಯನ್ನು ಕರೆಸಿ ಸ್ವಲ್ಪ ಕೆತ್ತಿಸಿ ಎಂದು ಹೆಂಡತಿ ಹೇಳುತ್ತಲೇ ಬಂದಿದ್ದಳು. ಕರೆಸೋಣ ಎಂದು ಅವನೂ ಹೇಳುತ್ತಲೇ ಬಂದಿದ್ದ. ಎರಡೂ ಮಾತು ಗೋಡೆ ಗಡಿಯಾರದ ಸದ್ದಿನ ಹಾಗೆ ಹಳತಾಗಿ ಕಿವಿಗೆ ಬೀಳುವುದನ್ನೇ ಬಿಟ್ಟಿದ್ದವು. ಈಗ, ಭಾನುವಾರದ ಈ ಸೆಕೆಯ ಮಧ್ಯಾಹ್ನ, ನಡುಮನೆಯಲ್ಲಿ ಮೇಜಿನ ಮುಂದೆ ಕೂತು ಅವನು ಆ ಸಂದಿಯನ್ನೇ ನೋಡುತ್ತಿದ್ದ. ಆಡಿದ ಮಾತು ತಿಳಿಯದಷ್ಟು ಕಿರಿದು, ಮಾತು ನಡೆದಿದೆ ಎಂದು ತಿಳಿಯುವಷ್ಟು ಅಗಲ. ಮನುಷ್ಯನನ್ನು ಹಿಂಸಿಸಬೇಕೆಂದೇ ಅಳತೆ ತೆಗೆದು ಮಾಡಿಸಿದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಒಳಗೆ ಅವನ ಹೆಂಡತಿ ಮತ್ತು ಹಲ್ಲಿನ ಡಾಕ್ಟರು ಇದ್ದರು. ಪಿಸುಗುಡುತ್ತಿದ್ದರು. ಆಮೇಲೆ ಹೆಂಡತಿ ನಕ್ಕಳು.

ಅದು ಅವಳ ದೊಡ್ಡ ನಗೆಯಲ್ಲ. ದೊಡ್ಡ ನಗೆ ಎಲ್ಲರಿಗೂ ಸಿಗುತ್ತದೆ, ತರಕಾರಿಯವನಿಗೂ, ಪಕ್ಕದ ಮನೆಯ ಮಗುವಿಗೂ. ಇದು ಮೂಗಿನಲ್ಲಿ ಹುಟ್ಟಿ, ತಡೆಯಲು ಹೋಗಿ ತಡೆಯಲಾಗದೆ, ಕೊನೆಗೆ ಬರೀ ಉಸಿರಾಗಿ ಬಿಟ್ಟುಹೋಗುವ ಸಣ್ಣ ನಗೆ. ಆ ನಗೆ ತನ್ನೊಬ್ಬನಿಗೇ ಗೊತ್ತು ಎಂದು ಅವನು ಇಷ್ಟು ವರ್ಷ ನಂಬಿದ್ದ. ಅವನ ನಾಲಿಗೆ ತಾನಾಗಿಯೇ ಎಡಗಡೆಯ ದವಡೆ ಹಲ್ಲಿನತ್ತ ಹೋಯಿತು. ಅಲ್ಲಿ ಹೊಸದಾಗಿ ತುಂಬಿಸಿದ ಜಾಗ ನುಣ್ಣಗಿತ್ತು. ತುಂಬಿದವನು ಒಳಗಿದ್ದ.

"ಏನ್ ಭಾವ, ಧ್ಯಾನವಾ?" ಎಂದ ಭಾವಮೈದ, ಬಿಸ್ಕತ್ತಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. "ಹೊಸ ಸನ್ಯಾಸಿಗೆ ಜಪ ಜಾಸ್ತಿ."

"ತಲೆನೋವು ಕಣೋ."

"ಆಟದಲ್ಲಿ ನೀವೇ ವೈದ್ಯರು, ನಿಮಗೇ ತಲೆನೋವು! ಒಂದು ಮಂತ್ರ ಹಾಕ್ಕೊಳ್ಳಿ."

"ಸುಮ್ಮನೆ ಮಂತ್ರ ಖರ್ಚು ಮಾಡಿಸ್ಬೇಡಪ್ಪ ನೀನು," ಎಂದಳು ಲೆಕ್ಕದ ಟೀಚರ್, ಆಟದ ನಿಯಮದ ಪುಸ್ತಕದಿಂದ ತಲೆ ಎತ್ತದೆ. "ಇನ್ನೂ ದೊಡ್ಡ ಬಾಗಿಲು ಬಾಕಿ ಇದೆ."

ಆಟವೆಂದರೆ ಬಾಯಿಂದಲೇ ಕಟ್ಟುವ ಕಥೆ. ಕೋಟೆ, ಸುರಂಗ, ರಾಕ್ಷಸರು, ನಿಧಿ, ಎಲ್ಲವನ್ನೂ ಹೆಂಡತಿ ಹೇಳುತ್ತಾಳೆ. ಈಗೇನು ಮಾಡ್ತೀರಿ ಎಂದು ಕೇಳುತ್ತಾಳೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ, ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ಆಟ ನಡೆಸುವ ಅವಳನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ, ತಮ್ಮನಾದ್ದರಿಂದ ಭಾವಮೈದ ಮಾತ್ರ ಅಕ್ಕ ಎನ್ನುತ್ತಾನೆ. ಭಾವಮೈದ ಜಿಮ್ಮಿನಲ್ಲಿ ಜನರಿಗೆ ಭಾರ ಎತ್ತಿಸುವವನು; ಆಟದಲ್ಲೂ ಯೋಧ, ಹೆಸರು ಬಂಡೆ. ಕಲ್ಪನೆಗೆ ಹೆಚ್ಚು ತೊಂದರೆ ಕೊಡುವ ಸ್ವಭಾವ ಅವನದಲ್ಲ. ಲೆಕ್ಕದ ಟೀಚರ್ ಮಾಂತ್ರಿಕಳು. ಅವನು, ಈಗ ಕೆಲವು ವಾರಗಳಿಂದ, ಗಾಯ ವಾಸಿಮಾಡುವ ಸನ್ಯಾಸಿ. ಆ ಸನ್ಯಾಸಿಗೆ ಹೆಸರಿಡುವ ಉತ್ಸಾಹ ಅವನಿಗೆ ಬರಲಿಲ್ಲವಾಗಿ ಭಾವಮೈದನೇ ಮುಲಾಮು ಎಂದು ಇಟ್ಟಿದ್ದ. ಮುಲಾಮಿಗೆ ದಿನಕ್ಕಿಷ್ಟು ಎಂದು ಮಂತ್ರಗಳು. ಲೆಕ್ಕ ತಪ್ಪದಿರಲೆಂದು ಹಳೆಯ ಅಂಗಿಯ ಗುಂಡಿಗಳನ್ನು ಮುಂದಿಟ್ಟುಕೊಂಡು, ಒಂದು ಮಂತ್ರ ಬಳಸಿದಾಗ ಒಂದು ಗುಂಡಿಯನ್ನು ನಡುವಿನ ಬಟ್ಟಲಿಗೆ ಹಾಕಬೇಕು. ವಾಸಿಯಾಗುವವರ ಕೈಯನ್ನೂ ಹಿಡಿದುಕೊಳ್ಳಬೇಕು. ಬಂಡೆಯ ಕೈ ಹಿಡಿಯುವುದೇನೋ ಸರಿ.

ಅದಕ್ಕೆ ಮೊದಲು ಅವನು ಕಳ್ಳನಾಗಿದ್ದ. ಪುಸ್ತಕದಲ್ಲಿ ರೋಗ್ ಎಂದಿದ್ದದ್ದು ಈ ಮನೆಯಲ್ಲಿ ಮೊದಲ ದಿನದಿಂದಲೂ ಕಳ್ಳ. ಆಟದ ಜಗತ್ತಿನಲ್ಲಿ ಕಳ್ಳನ ಪಾಡು ಅವನಿಗೆ ಬಹಳ ಹಿಡಿಸಿತ್ತು. ಯೋಧನಿಗೆ ಹಾಡು ಕಟ್ಟುತ್ತಾರೆ, ಮಾಂತ್ರಿಕರಿಗೆ ಹೆದರುತ್ತಾರೆ, ಸನ್ಯಾಸಿಯ ಕಾಲು ಮುಟ್ಟುತ್ತಾರೆ; ಕಳ್ಳನನ್ನು ಮಾತ್ರ ಕತ್ತಲೆಯ ಬಾಯಿಗೆ ಬಂದಾಗ, ನೀನು ಸ್ವಲ್ಪ ಮುಂದೆ ಹೋಗಿ ನೋಡಪ್ಪ, ಎಂದು ಕರೆಯುತ್ತಾರೆ. ಅವನು ಗೋಡೆಗಂಟಿ ಹೋಗಿ, ನೆಲ ತಟ್ಟಿ, ಬೀಗ ಬಿಚ್ಚಿ, ವಿಷದ ಸೂಜಿ ಕಿತ್ತಿಟ್ಟು ಬರುತ್ತಾನೆ. ಅವನು ತಡವಿದ ದಾರಿಯಲ್ಲಿ ಉಳಿದವರು ಎದೆಯುಬ್ಬಿಸಿಕೊಂಡು ನಡೆಯುತ್ತಾರೆ. ನಡೆಯುತ್ತ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಆಟದ ಹೊರಗೆ ಅವನ ಕೆಲಸವೂ ಅಂಥದ್ದೇ. ದೊಡ್ಡ ಕಟ್ಟಡಗಳ ಲಿಫ್ಟ್ ತಪಾಸಣೆ. ಡಬ್ಬಿಯ ನೆತ್ತಿಯ ಮೇಲೆ ನಿಂತು, ಉಕ್ಕಿನ ಹಗ್ಗಕ್ಕೆ ಅಂಗೈ ಕೊಟ್ಟು, ಕತ್ತಲ ಬಾವಿಯಲ್ಲಿ ಮೇಲಕ್ಕೂ ಕೆಳಕ್ಕೂ ಹೋಗುತ್ತ ಕಿವಿಗೊಡುವುದು. ಸರಿಯಿದೆ ಎಂದು ಅವನು ಹೇಳಿದ ಲಿಫ್ಟಿನಲ್ಲಿ ಜನ ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತ ಏರುತ್ತಾರೆ, ಇಳಿಯುತ್ತಾರೆ. ನಡುವೆ ನಿಂತರೆ ಮಾತ್ರ, ಯಾವನ್ರೀ ಅವನು ನೋಡಿಹೋದವನು, ಎನ್ನುತ್ತಾರೆ.

ಆದರೆ ಕಳ್ಳನ ಪಾತ್ರವನ್ನು ಅವನು ಪ್ರೀತಿಸಿದ್ದು ಇದಕ್ಕಲ್ಲ. ಕಳ್ಳ ಮುಂದೆ ಹೋದಾಗ ಕಂಡದ್ದು ಉಳಿದವರಿಗೆ ಕಾಣಬಾರದಲ್ಲ. ಅದಕ್ಕಾಗಿ ಮಾಸ್ಟರ್ ಕಳ್ಳನೊಬ್ಬನನ್ನೇ ಕರೆದುಕೊಂಡು ಅಡುಗೆಮನೆಗೆ ಹೋಗುವುದು ಈ ಮನೆಯ ಪದ್ಧತಿ. ಒಳಗಿನ ಮಾತು ಹೊರಗೆ ಬರುವ ಹಾಗಿಲ್ಲ. ಕಂಡದ್ದರಲ್ಲಿ ಎಷ್ಟು ಹೇಳಬೇಕು, ಎಷ್ಟು ಜೇಬಿಗಿಳಿಸಬೇಕು ಎಂಬುದು ಕಳ್ಳನ ಇಷ್ಟ. ಹೊರಗೆ ಬಂದು ಅವನು ಹಸಿಹಸಿ ಸುಳ್ಳು ಹೇಳಿದರೂ ಮಾಸ್ಟರ್ ತುಟಿ ಬಿಚ್ಚುವುದಿಲ್ಲ. ಹೆಂಡತಿ ವಾರವಿಡೀ ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತು, ಬಂದಿದೆ, ಬಂದಿಲ್ಲ, ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳುವವಳು. ಮನೆಗೆ ಬಂದ ಮೇಲೂ ಆ ಮೈಕು ಗಂಟಲಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು. ಗ್ಯಾಸ್ ಬಂದಿದೆ. ನಲ್ಲಿಯವನು ಬಂದಿಲ್ಲ. ನಿಮ್ಮ ಅಕ್ಕ ಯಾಕೆ ಫೋನ್ ಮಾಡಿದ್ರೋ ಗೊತ್ತಿಲ್ಲ. ಅವನೂ ಅದೇ ಧಾಟಿಯಲ್ಲಿ ಹೂಂ, ಆಯ್ತು, ನೋಡೋಣ ಎನ್ನುತ್ತಿದ್ದ. ಭಾನುವಾರ ಮಧ್ಯಾಹ್ನ ಮಾತ್ರ ಒಗ್ಗರಣೆಯ ವಾಸನೆ ಇನ್ನೂ ಆರದ ಅಡುಗೆಮನೆಯಲ್ಲಿ, ಕಲ್ಲಿನ ಕಟ್ಟೆಗೆ ಒರಗಿ, ಅವನ ಕಿವಿಗೆ ಬಾಯಿ ಹತ್ತಿರ ತಂದು, ಬೇರೊಂದೇ ದನಿಯಲ್ಲಿ ಅವಳು ಹೇಳುತ್ತಿದ್ದಳು: ಕತ್ತಲೆ. ಎಡಗಡೆ ನೀರು ತೊಟ್ಟಿಕ್ತಿದೆ. ನಿನ್ನ ಮುಂದೆ ಯಾರೋ ಉಸಿರಾಡ್ತಿದಾರೆ. ಏನ್ ಮಾಡ್ತೀಯ? ನಾಲ್ಕು ಜನರ ಮುಂದೆ ನೀವು ಎನ್ನುವವಳು ಅಲ್ಲಿ ನೀನು ಎನ್ನುತ್ತಿದ್ದಳು. ಅವನು ಇನ್ನೂ ಮೆಲ್ಲಗೆ ತನ್ನ ಯಾವುದೋ ಲಫಂಗ ಉಪಾಯವನ್ನು ಹೇಳುವನು. ಆಗ ಅವಳು ಆ ಸಣ್ಣ ನಗೆ ನಗುವಳು. ಅವನ ಕಳ್ಳನ ಹೆಸರು ಮುಂಗುಸಿ. ಮೂಳೆಯ ಹಿಡಿಯ, ಕೂದಲೆಳೆಯಷ್ಟು ಸಣ್ಣ ಕಂಬಿಗಳ ಗೊಂಚಲೊಂದು ಮುಂಗುಸಿಯ ಸೊಂಟದಲ್ಲಿತ್ತು, ಎಂಥ ಬೀಗವೂ ಅದಕ್ಕೆ ಬಾಯಿ ಬಿಡುತ್ತಿತ್ತು. ಅದನ್ನು ಅವಳೇ ಒಂದು ಭಾನುವಾರ ಕತ್ತಲ ನೆಲಮಾಳಿಗೆಯೊಂದರಲ್ಲಿ ಅವನಿಗೆ ಸಿಗುವಂತೆ ಮಾಡಿದ್ದಳು. ಇಲ್ಲದ ಗೊಂಚಲು. ಆದರೂ ಅವನ ಬೆರಳಿಗೆ ಅದರ ತೂಕ ಗೊತ್ತಿತ್ತು.

ಒಳಗೆ ಮತ್ತೆ ಪಿಸುಮಾತು. ಈ ಸಲ ಗಂಡಸಿನ ದನಿ, ಉದ್ದವಾಗಿ. ಇಷ್ಟು ಹೊತ್ತು ಏನು ಹೇಳುವುದಿರುತ್ತದೆ? ಒಂದು ಓಣಿ, ಒಂದು ಕಾವಲುಗಾರ, ಒಂದು ಬಾಗಿಲು.

ಡಾಕ್ಟರನ್ನು ಕರೆತಂದದ್ದು ಅವನೇ. ಅದನ್ನು ನೆನೆದರೆ ಈಗಲೂ ಬಾಯಲ್ಲಿ ರಬ್ಬರ್ ಗವುಸಿನ ರುಚಿ ಬರುತ್ತದೆ. ಕುರ್ಚಿಯಲ್ಲಿ ಅಂಗಾತ ಮಲಗಿ, ತುಟಿಯ ಮೂಲೆಗೆ ಕೊಳವೆ ಸಿಕ್ಕಿಸಿಕೊಂಡು, ಜೊಲ್ಲು ಸುರಿಸುತ್ತ ಬಿದ್ದಿದ್ದವನನ್ನು, ಭಾನುವಾರ ಏನ್ ಮಾಡ್ತೀರಿ ಸರ್, ಎಂದು ಡಾಕ್ಟರು ಕೇಳಿದ್ದ. ಬಾಯಿ ತೆರೆದವರನ್ನೇ ಮಾತಾಡಿಸುವುದು ಆ ಕಸುಬಿನವರ ಅಭ್ಯಾಸ. ಬಾಯಿ ಮುಕ್ಕಳಿಸಿದ ಮೇಲೆ, ತಾನೂ ಒಬ್ಬ ಮನುಷ್ಯನೆಂದು ತೋರಿಸುವ ಆತುರದಲ್ಲಿ, ಅರ್ಧ ಮರಗಟ್ಟಿದ ತುಟಿಯಿಂದ ಅವನು ಆಟದ ವಿಷಯವನ್ನೆಲ್ಲ ತೊದಲಿಬಿಟ್ಟಿದ್ದ. ಬನ್ನಿ ಒಂದ್ಸಲ, ಎಂದೂ ಹೇಳಿದ್ದ. ಡಾಕ್ಟರು ಬಂದ. ಅಂಗಿ ಇಸ್ತ್ರಿಯಾಗಿತ್ತು. ಉಗುರು ಚೊಕ್ಕವಾಗಿತ್ತು. ಕಳ್ಳನ ಪಾತ್ರ ಖಾಲಿಯಿದೆಯಾ, ಎಂದು ಕೇಳಿದ. ಖಾಲಿಯಿತ್ತು, ಏಕೆಂದರೆ ಹಿಂದಿನ ವಾರವಷ್ಟೇ ಮುಂಗುಸಿ ಸತ್ತಿತ್ತು. ಡಾಕ್ಟರು ತನ್ನ ಕಳ್ಳನಿಗೆ ನೆರಳು ಎಂದು ಹೆಸರಿಟ್ಟ. ಕಳ್ಳನಾದ ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಇಡುವುದು ಅದನ್ನೇ, ಎಂದು ಅವನು ಮನಸ್ಸಿನಲ್ಲಿ ನಕ್ಕ. ಆದರೆ ಅವತ್ತೇ, ಸುರಂಗದ ಬಾಗಿಲೊಂದರ ಬಳಿ ಬಿದ್ದಿದ್ದ ಮುಂಗುಸಿಯ ಹೆಣವನ್ನು ಹೆಂಡತಿ ಬಣ್ಣಿಸಿದಾಗ, ನೆರಳು ಬಗ್ಗಿ, ಹೆಣದ ಸೊಂಟ ತಡವಿ, ಮೂಳೆ ಹಿಡಿಯ ಗೊಂಚಲನ್ನು ಬಿಚ್ಚಿಕೊಂಡಿತು. "ಸಾರಿ ಸರ್," ಎಂದ ಡಾಕ್ಟರು, ಕಣ್ಣಲ್ಲಿ ಕಣ್ಣಿಟ್ಟು, ನಿಜವಾಗಿಯೂ ನೊಂದುಕೊಂಡು. "ಕಳ್ಳ ಅಂದ್ಮೇಲೆ ಬಿಡೋಕಾಗಲ್ಲ, ಅಲ್ವಾ?" ಅಲ್ಲವೇ ಮತ್ತೆ, ಎಂದು ಅವನು ಹಲ್ಲು ಬಿಟ್ಟಿದ್ದ. ಆ ಹಲ್ಲಿನ ಒಳಗುಟ್ಟೂ ಡಾಕ್ಟರಿಗೆ ಗೊತ್ತಿತ್ತು.

ಮುಂಗುಸಿಯ ಸಾವನ್ನು ಅವನು ಲಿಫ್ಟಿನ ಬಾವಿಗಳಲ್ಲಿ ನಿಂತು ಎಷ್ಟೋ ಸಲ ಮತ್ತೆ ನಡೆಸಿ ನೋಡಿದ್ದ. ದಾಳವನ್ನು ಅವಳು ಯಾವಾಗಲೂ ರಟ್ಟಿನ ಮರೆಯ ಹಿಂದೆ ಉರುಳಿಸುತ್ತಾಳೆ. ಬೇಕೆಂದರೆ ಒಂದು ಅಂಕಿ ಅತ್ತಿತ್ತ ಮಾಡಬಹುದು, ಮಾಡಿಯೂ ಇದ್ದಾಳೆ, ತಮ್ಮನಿಗಾಗಿ. ಅವತ್ತು ಮಾತ್ರ ಮೇಜಿನ ನಟ್ಟನಡುವೆ, ಎಲ್ಲರ ಕಣ್ಣೆದುರು ಉರುಳಿಸಿದಳು. ಒಂದು ಬಿತ್ತು. ಬಾಗಿಲಿನಿಂದ ಈಟಿ ಚಿಮ್ಮಿತು. ಹೋಯ್ತು, ಎಂದಳು. ಮೈಕಿನ ದನಿಯಲ್ಲೇ. ಯಾಕೆ ಮೇಜಿನ ನಡುವೆ? ಅವನು ಕೇಳಿರಲಿಲ್ಲ. ಕೇಳಿದರೆ ಅವಳು ಉತ್ತರ ಹೇಳಿಬಿಟ್ಟರೆ ಎಂಬ ಭಯವೊಂದು ಎಲ್ಲೋ ಹಲ್ಲಿನ ಬೇರಿನ ಹಾಗೆ ಕೂತಿತ್ತು.

ಬಾಗಿಲು ಕಿರುಗುಟ್ಟಿ ಇಬ್ಬರೂ ಹೊರಗೆ ಬಂದರು. ಹೆಂಡತಿಯ ಕೈಯಲ್ಲಿ ಟೀ ಲೋಟ. ಡಾಕ್ಟರ ಕಿವಿ ಸ್ವಲ್ಪ ಕೆಂಪಗಿತ್ತು, ಬಾಯಿ ಬೀಗ ಹಾಕಿದಂತೆ. ಆ ಮುಖ ಅವನಿಗೆ ಗೊತ್ತಿತ್ತು. ಆ ಮುಖವನ್ನು ಹೊತ್ತುಕೊಂಡು ಅದೇ ಬಾಗಿಲಿನಿಂದ ಅವನು ಎಷ್ಟು ಭಾನುವಾರ ಬಂದಿರಲಿಲ್ಲ!

"ಏನ್ ಡಾಕ್ಟ್ರೇ, ಏನಿದೆ ಆ ಕಡೆ?" ಎಂದ ಭಾವಮೈದ.

"ಏನೂ ಇಲ್ಲ. ಖಾಲಿ ಓಣಿ. ಕೊನೆಗೆ ದೊಡ್ಡ ಬಾಗಿಲು."

"ಖಾಲಿ ಓಣಿಗೆ ಅಷ್ಟೊಂದು ನಗು ಬರತ್ತಾ?"

"ಲೋ, ಒಳಗಿನ ಮಾತು ಒಳಗೆ," ಎಂದಳು ಹೆಂಡತಿ. ಅವಳು ಮರೆಯ ಹಿಂದೆ ಕೂತು ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. "ಸರಿ. ನೆರಳು ದೊಡ್ಡ ಬಾಗಿಲ ಹತ್ರ ಇದೆ. ಏನ್ ಮಾಡ್ತೀರಿ?"

ಡಾಕ್ಟರು ಗೊಂಚಲು ತೆಗೆದ. ಇಲ್ಲದ ಗೊಂಚಲನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದಂತೆ ಮಾಡಿದ. ಅಭಿನಯ ಬೇರೆ ಕೇಡು. ಮೊದಲ ಕೀಲು ಬಿಟ್ಟಿತು. ಎರಡನೆಯದಕ್ಕೆ ದಾಳ ಎರಡು ತೋರಿಸಿತು. ಬಾಗಿಲ ಕೆತ್ತನೆಯೊಳಗಿಂದ ಮುಳ್ಳೊಂದು ಹಾರಿ ನೆರಳಿನ ಕೊರಳಿಗೆ ನಾಟಿತು. ವಿಷ. ಕಾಲು ಮೊದಲು ತಣ್ಣಗಾಗತ್ತೆ, ಎಂದಳು ಹೆಂಡತಿ. ಆಮೇಲೆ ಕೈ. ಈ ಸುತ್ತು ಮುಗಿಯೋದ್ರೊಳಗೆ ಯಾರಾದರೂ ಏನಾದರೂ ಮಾಡಬೇಕು. ಎಲ್ಲರೂ ಅವನ ಕಡೆಗೆ ತಿರುಗಿದರು.

ಆಗ ಅವನಿಗೆ ತನ್ನ ಎಡಗೈ ಮುಷ್ಟಿ ಕಟ್ಟಿಕೊಂಡಿರುವುದು ತಿಳಿಯಿತು. ಅವನ ಮುಂದೆ ಮೇಜು ಬರಿದಾಗಿತ್ತು. ಕೊನೆಯ ಗುಂಡಿ ಮುಷ್ಟಿಯೊಳಗಿತ್ತು. ಯಾವಾಗ ಸೇರಿತು? ಅವಳು ಒಳಗೆ ನಕ್ಕಾಗಲೇ ಇರಬೇಕು. ಕೈ ಅವನನ್ನು ಕೇಳದೆ ಕದ್ದಿಟ್ಟುಕೊಂಡಿತ್ತು. ಕೆಲಸ ಮುಗಿದ ಮೇಲೆ ಯಜಮಾನನಿಗೆ ತಿಳಿಸುವ ಹಳೆಯ ಆಳಿನ ಹಾಗೆ.

"ಮಂತ್ರ ಮುಗಿದಿದೆ," ಎಂದ.

"ಮುಗಿದಿದ್ಯಾ?" ಎಂದಳು ಟೀಚರ್. "ಸೇತುವೆ ಹತ್ರ ಬಂಡೆಗೆ ಹಾಕಿದ್ರಿ, ಆಮೇಲೆ ನನ್ನ ಕಾಲಿಗೆ. ನನ್ನ ಲೆಕ್ಕದಲ್ಲಿ ಇನ್ನೂ ಒಂದು ಇರಬೇಕಲ್ಲ."

"ಇದ್ರೆ ಹಾಕ್ತಿರಲಿಲ್ವಾ ಟೀಚರ್? ನೋಡಿ, ಗುಂಡಿ ಎಲ್ಲಿದೆ?"

ಭಾವಮೈದ ಮೇಜಿನ ಕೆಳಗೆ ಬಗ್ಗಿ ನೋಡಿದ. ಬಿಸ್ಕತ್ತಿನ ತಟ್ಟೆ ಎತ್ತಿ ನೋಡಿದ. ತಾನೇ ತಿಂದಿರಬಹುದೇ ಎಂಬ ಅನುಮಾನವೂ ಅವನ ಮುಖದಲ್ಲಿ ಸುಳಿದುಹೋಯಿತು. ಡಾಕ್ಟರು ಮಾತ್ರ ಹುಡುಕಲಿಲ್ಲ. "ಇರಲಿ ಬಿಡಿ ಟೀಚರ್. ಸರ್ ಇಲ್ಲ ಅಂದ್ರೆ ಇಲ್ಲ," ಎಂದ, ಸಪ್ಪಗೆ. ಆ ನಂಬಿಕೆ ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಕಳ್ಳನಾಗಿದ್ದಾಗ ಅವನ ಸತ್ಯವನ್ನೂ ಯಾರೂ ನಂಬುತ್ತಿರಲಿಲ್ಲ. ಸನ್ಯಾಸಿಯಾದ ಮೇಲೆ ಸುಳ್ಳನ್ನೂ ನಂಬುತ್ತಾರೆ. ಇದೊಂದು ಅನುಕೂಲ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಡಾಕ್ಟರ ಕೈ ಮೇಜಿನ ಮೇಲೆ, ಆಗಲೇ ತಣ್ಣಗಾಗುತ್ತಿರುವ ನೆರಳಿನ ಕೈಯಂತೆ, ಅಂಗಾತ ಬಿದ್ದಿತ್ತು. ಸಾಯಲಿ. ಸತ್ತರೆ ಏನಾಗುತ್ತದೆ? ಪಾಪ, ಡಾಕ್ಟರಿಗೂ ಒಬ್ಬ ಯೋಧನೋ ಮತ್ತೊಬ್ಬನೋ ಸಿಗುತ್ತಾನೆ. ಕಳ್ಳನ ಜಾಗ ಖಾಲಿಯಾಗುತ್ತದೆ. ಮುಲಾಮು ಕಾವಿ ಕಳಚಿ ಎಲ್ಲಿಗಾದರೂ ಹೋಗಬಹುದು. ಅಡುಗೆಮನೆ ಅಲ್ಲೇ ಇದೆ. ಇಷ್ಟು ವಯಸ್ಸಾದ ಮನುಷ್ಯ, ತಲೆಯ ಮುಂಭಾಗ ಬೋಳಾದವನು, ಇಲ್ಲದ ಮುಳ್ಳು ನಾಟಿ ಇಲ್ಲದ ಮನುಷ್ಯನೊಬ್ಬ ಸಾಯಲೆಂದು ಅಂಗಿಯ ಗುಂಡಿಯನ್ನು ಹಿಸುಕುತ್ತ ಕೂತಿರುವುದು ಅವನಿಗೆ ಒಂದು ಕ್ಷಣ ಹೊರಗಿನಿಂದ ಕಂಡಿತು. ಕಂಡರೂ ಮುಷ್ಟಿ ಸಡಿಲವಾಗಲಿಲ್ಲ.

ಹೆಂಡತಿ ಅವನನ್ನು ನೋಡುತ್ತಿದ್ದಳು. ಮುಖವನ್ನಲ್ಲ, ಕೈಯನ್ನು.

"ಒಂದ್ನಿಮಿಷ ಒಳಗೆ ಬನ್ನಿ," ಎಂದಳು.

"ಯಾರು, ನಾನಾ?" ಎಂದ ಡಾಕ್ಟರು.

"ಅಲ್ಲ. ಇವರು."

"ಸನ್ಯಾಸಿಗೆ ಅಡುಗೆಮನೇಲಿ ಏನಕ್ಕಾ ಕೆಲಸ?" ಎಂದ ಭಾವಮೈದ. "ಪುಸ್ತಕದಲ್ಲಿದ್ಯಾ ಟೀಚರ್ ಇದು?"

"ಪುಸ್ತಕದಲ್ಲಿ ಅಡುಗೆಮನೇನೇ ಇಲ್ಲಪ್ಪ," ಎಂದಳು ಟೀಚರ್.

ಎದ್ದಾಗ ಅವನ ಮೊಣಕಾಲು ಸದ್ದು ಮಾಡಿತು. ಸಂದಿಯ ಬಾಗಿಲನ್ನು ದಾಟುವಾಗ ಎದೆ ಹೊಡೆದುಕೊಳ್ಳುವುದು ಹಾಸ್ಯಾಸ್ಪದವೆನಿಸಿತು; ದಿನಕ್ಕೆ ಹತ್ತು ಸಲ ನೀರು ಕುಡಿಯಲು ದಾಟುವ ಬಾಗಿಲು. ಅವಳು ಕಲ್ಲಿನ ಕಟ್ಟೆಗೆ ಒರಗಿ ನಿಂತಳು. ಅವನು ಹಳೆಯ ಅಭ್ಯಾಸದಂತೆ ಕಿವಿಯನ್ನು ಹತ್ತಿರ ತಂದ. ಅವಳು ಪಿಸುಗುಡಲಿಲ್ಲ. ದನಿ ತಗ್ಗಿಸಿದಳು, ಅಷ್ಟೇ. ಸಾಲಿನಲ್ಲಿ ಬಹಳ ಹೊತ್ತು ನಿಂತ ಮುದುಕರೊಂದಿಗೆ ತಗ್ಗಿಸುವ ಹಾಗೆ.

"ಮುಷ್ಟಿ ಬಿಚ್ಚಿ."

ಬಿಚ್ಚಿದ. ಗುಂಡಿಯ ಅಚ್ಚು, ನಾಲ್ಕು ತೂತುಗಳ ಸಮೇತ, ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಅವಳು ಅದನ್ನು ನೋಡಿದಳು. ಬೈಯಲಿಲ್ಲ.

"ಹೊರಗೆ ಹೋಗಿ ಇಲ್ಲ ಅಂತಲೇ ಹೇಳಿದ್ರೂ ನಾನು ಏನೂ ಅನ್ನಲ್ಲ," ಎಂದಳು. "ಬಚ್ಚಿಟ್ಟಿದ್ದು ನಿಮ್ಮದು. ಆದರೆ ಆಟ ನಡೆಸೋಳಿಗೆ ಗೊತ್ತಿರಬೇಕು. ಏನ್ ಮಾಡ್ತೀರಿ?"

"ಅವರ ಜೊತೆ ಏನಕ್ಕೆ ನಗ್ತಿದ್ದೆ?"

ಕೇಳಬಾರದೆಂದುಕೊಂಡದ್ದು ಬಾಯಿ ದಾಟಿತ್ತು. ಅವಳು ತಲೆ ಓರೆ ಮಾಡಿದಳು.

"ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ."

"ಈಗ ನಾವು ಒಳಗೇ ಇದೀವಲ್ಲ."

"ಒಳಗೇ ಇದೀವಿ. ಆದರೆ ಅದು ಕಳ್ಳನ ಮಾತು. ನೀವು ಈಗ ಕಳ್ಳ ಅಲ್ವಲ್ಲ."

ಇಷ್ಟು ವರ್ಷ ಅವನ ಹೊಟ್ಟೆಯನ್ನು ಬೆಚ್ಚಗಿಟ್ಟಿದ್ದೇ ಅವಳ ಈ ಗುಣ. ತಮ್ಮ ಎಷ್ಟು ಗೋಗರೆದರೂ, ಟೀಚರ್ ಎಷ್ಟು ಸುತ್ತಿಬಳಸಿ ಕೇಳಿದರೂ, ಮುಂಗುಸಿಯ ಗುಟ್ಟನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಅದೇ ಗುಣ ಈಗ ಅವನತ್ತ ಬೆನ್ನು ಮಾಡಿ ನಿಂತಿತ್ತು.

"ಕಳ್ಳನಾಗೇ ಇದ್ದೆ," ಎಂದ. ದನಿ ಅವನಿಗೇ ಮಕ್ಕಳದ್ದೆನಿಸಿತು. "ನೀನು ಸಾಯಿಸಿದೆ. ಎಲ್ಲರ ಮುಂದೆ ಉರುಳಿಸಿ."

ನಲ್ಲಿಯ ತುದಿಯಲ್ಲಿ ಒಂದು ಹನಿ ತುಂಬಿಕೊಂಡು, ಬೀಳಲೋ ಬೇಡವೋ ಎನ್ನುತ್ತಿತ್ತು.

"ಅವತ್ತು ಒಳಗೆ ಬನ್ನಿ ಅಂತ ಕರೆದೆ. ಏನಂದ್ರಿ?"

ಅವನಿಗೆ ನೆನಪಿತ್ತು. ನೆನಪಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡದ್ದೂ ನೆನಪಿತ್ತು. ಇಲ್ಲೇ ಹೇಳು ಮಾರಾಯ್ತಿ, ಏಳೋಕಾಗಲ್ಲ, ಬಾಗಿಲು ತಾನೆ, ತೆಗೀತೀನಿ. ಕಾಲು ಚಾಚಿಕೊಂಡಿದ್ದ. ಫೋನು ನೋಡುತ್ತಿದ್ದ. ಅದಕ್ಕೆ ಹಿಂದಿನ ವಾರವೂ ಇಲ್ಲೇ ಹೇಳು ಎಂದಿದ್ದ, ಅದಕ್ಕೂ ಹಿಂದಿನದು ಯಾವುದೋ. ಮೊದಮೊದಲು ಅವಳು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನೋಡುತ್ತಿದ್ದಳು. ಆಮೇಲೆ ಎದ್ದು ನಿಲ್ಲುತ್ತಿದ್ದಳು. ಆಮೇಲೆ ಕೂತಲ್ಲೇ ಕೇಳುತ್ತಿದ್ದಳು.

"ಎಲ್ಲರ ಮುಂದೆ ಕೇಳಿದ್ದು ಎಲ್ಲರ ಮುಂದೆ ಬಿತ್ತು," ಎಂದಳು. ಕೋಪವಿರಲಿಲ್ಲ. ಹೊರಟುಹೋದ ರೈಲಿನ ವಿಷಯ ಹೇಳುವ ದನಿ. "ಒಳಗೆ ಬಂದಿದ್ರೆ ಈಟಿ ಇದೆ ಅಂತ ಗೊತ್ತಾಗೋ ಹಾಗೆ ಹೇಳ್ತಿದ್ದೆ. ಹೇಳೋದಕ್ಕೆ ಅಂತ ಒಂದು ವಾರ ಯೋಚನೆ ಮಾಡಿಟ್ಟಿದ್ದೆ."

ಹನಿ ಬಿತ್ತು. ಹೊರಗೆ ಭಾವಮೈದ ಡಾಕ್ಟರಿಗೆ ಏನೋ ಸಮಾಧಾನ ಹೇಳುತ್ತಿದ್ದ. ಸತ್ರೆ ಯೋಧ ಆಗಿ ಡಾಕ್ಟ್ರೇ, ತಲೆಬಿಸಿ ಇಲ್ಲ. ಅವನು ಸಂದಿಯತ್ತ ನೋಡಿದ. ಹೊರಗಿನವರ ಒಂದು ತೋಳು, ಒಂದು ಕುರ್ಚಿಯ ಕಾಲು. ಅಲ್ಲಿ ಕೂತು ಈ ಸಂದಿಯನ್ನು ನೋಡುವುದಕ್ಕಿಂತ ಇಲ್ಲಿ ನಿಂತು ಆ ಸಂದಿಯನ್ನು ನೋಡುವುದು ಎಷ್ಟು ಹಿತ ಎಂಬ ಯೋಚನೆ, ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ, ನಾಚಿಕೆಯಿಲ್ಲದೆ ಬಂತು. ಕ್ಷಮೆ ಕೇಳಬೇಕು. ಆ ಮಾತಿಗೆ ಬಾಯಿ ತೆರೆದ. ಬೇರೆ ಮಾತು ಬಂತು, ಮತ್ತು ಅದು ಪಿಸುಮಾತಾಗಿತ್ತು.

"ವಾಸಿ ಮಾಡ್ತೀನಿ."

"ಸರಿ. ಹೋಗಿ ಗುಂಡಿ ಹಾಕಿ."

"ತಾಳು. ವಾಸಿ ಮಾಡೋವಾಗ ಕೈ ಹಿಡ್ಕೋಬೇಕಲ್ಲ. ಕಣ್ಣು ಮುಚ್ಕೊಳ್ಳಿ, ಮಂತ್ರದ ಉರಿ ಜಾಸ್ತಿ ಅಂತೀನಿ. ಅವರು ಮುಚ್ಚಿದಾಗ ಇನ್ನೊಂದು ಕೈಯಿಂದ ಸೊಂಟದ ಗೊಂಚಲು ಬಿಚ್ಕೋತೀನಿ."

"ಸನ್ಯಾಸಿ!"

"ಹೆಣದ ಮೇಲಿಂದ ಕದ್ದವರು ಅವರು. ನಾನು ಜೀವ ಕೊಟ್ಟು ಕದೀತಿದೀನಿ. ನನ್ನದೇ ಮೇಲು."

ಅವಳು ತುಟಿ ಕಚ್ಚಿದಳು. ಮೂಗಿನಲ್ಲಿ ಅದು ಹುಟ್ಟುವುದು ಅವನಿಗೆ ಕಂಡಿತು. ತಡೆಯಲು ಹೋದಳು, ತಡೆಯಲಾಗಲಿಲ್ಲ, ಉಸಿರಾಗಿ ಬಿಟ್ಟಳು. "ಲಫಂಗ ನೀನು," ಎಂದಳು. ಅವನ ಮೈಯೆಲ್ಲ ಹಗುರಾಯಿತು. ಮರುಗಳಿಗೆಗೇ ಅವನ ಪಾಪಿ ಕಿವಿ, ಉಕ್ಕಿನ ಹಗ್ಗದ ಒಂದು ಎಳೆ ತುಂಡಾದರೂ ಹಿಡಿಯುವ ಕಿವಿ, ಹೋಲಿಸಿ ನೋಡಿತು. ಅದೇ ನಗೆ. ಸ್ವಲ್ಪ ಹೊತ್ತಿಗೆ ಮುಂಚೆ ಆ ಸಂದಿಯಿಂದ ಕೇಳಿದ್ದು ಇದೇ, ಇಷ್ಟೇ ಉದ್ದ, ಕೊನೆಗೆ ಇದೇ ಉಸಿರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾರು ಒಳ್ಳೆಯ ಕಳ್ಳತನ ಹೊತ್ತು ತಂದರೂ ಅವಳು ಕೊಡುವುದು ಇದನ್ನೇ. ಅದರ ಮೇಲೆ ಅವನ ಹೆಸರು ಯಾವತ್ತೂ ಇರಲಿಲ್ಲ. ಪ್ರತಿ ಸಲವೂ ಅವನು ಅದನ್ನು ದುಡಿದಿದ್ದ, ಅಷ್ಟೇ. ದುಡಿಯುವುದನ್ನು ಬಿಟ್ಟಿದ್ದ, ಅಷ್ಟೇ.

"ಅವರು ಎಚ್ಚರ ಇರೋ ಮನುಷ್ಯ," ಎಂದಳು. ಈಗ ಪಿಸುಗುಡುತ್ತಿದ್ದಳು. "ಮುಲಾಮಿನ ಬೆರಳು ಕಳ್ಳನ ಬೆರಳಲ್ಲ. ದಾಳ ಹಾಕ್ತೀನಿ."

ಕಲ್ಲಿನ ಕಟ್ಟೆಯ ಮೇಲೆ ಉರುಳಿಸಿ, ದಾಳ ನಿಲ್ಲುವ ಮುಂಚೆಯೇ ಅಲ್ಲಿದ್ದ ಖಾಲಿ ಟೀ ಲೋಟವನ್ನು ಕವುಚಿಬಿಟ್ಟಳು. ಬಗ್ಗಿ, ತನ್ನ ಕಡೆಯಿಂದ ಲೋಟದ ಅಂಚು ಎತ್ತಿ ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಏನು ಬಿತ್ತು?"

"ಹೋಗಿ, ಗೊತ್ತಾಗತ್ತೆ."

ನಡುಮನೆಯಲ್ಲಿ ಅವನು ಗುಂಡಿಯನ್ನು ಬಟ್ಟಲಿಗೆ ಹಾಕಿದ. ಅದು ಟಣ್ಣೆಂದಿತು. "ನೋಡಿ, ನಾನು ಹೇಳಲಿಲ್ವಾ," ಎಂದಳು ಟೀಚರ್. "ಎಲ್ಲಿತ್ತು?" "ತೋಳಿನ ಮಡಿಕೇಲಿ ಸಿಕ್ಕಿಕೊಂಡಿತ್ತು ಟೀಚರ್," ಎಂದ, ಮಡಿಕೆಯನ್ನೂ ತೋರಿಸಿದ. ಡಾಕ್ಟರ ಮುಖ ಅರಳಿತು, ಆದರೆ ಪೂರ್ತಿ ಅರಳಲಿಲ್ಲ. ಅವನ ಕಣ್ಣು ಅಡುಗೆಮನೆಯ ಸಂದಿಗೆ ಹೋಯಿತು, ಅಲ್ಲಿಂದ ಮರೆಯ ಹಿಂದೆ ಕೂರುತ್ತಿದ್ದ ಹೆಂಡತಿಗೆ, ಅಲ್ಲಿಂದ ಅವಳ ಗಂಡನಿಗೆ.

"ಏನ್ ಸರ್," ಎಂದ, ನಗಲು ನೋಡುತ್ತ. "ಒಳಗೆ ಅಷ್ಟೊಂದು ನಗು?"

"ಒಳಗಿನ ಮಾತು, ಡಾಕ್ಟ್ರೇ."

ಹೇಳಿದ ಮೇಲೆ ನಾಲಿಗೆ ದವಡೆಯತ್ತ ಹೋಗಲಿಲ್ಲ ಎಂಬುದನ್ನು ಅವನು ಗಮನಿಸಿದ. ಡಾಕ್ಟರ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದ. ತಣ್ಣಗಿತ್ತು, ಸೋಪಿನ ವಾಸನೆಯಿತ್ತು, ಬೆರಳುಗಳು ಅವನವಕ್ಕಿಂತ ನೀಳ. "ಕಣ್ಣು ಮುಚ್ಕೊಳ್ಳಿ, ಉರಿ ಜಾಸ್ತಿ," ಎಂದ. ಡಾಕ್ಟರು ಮುಚ್ಚಿಕೊಂಡ, ನಿಜವಾಗಿ ಮುಚ್ಚಿದನೋ, ರೆಪ್ಪೆಯ ಅಂಚಿನಲ್ಲಿ ಎರಡು ಬೆರಳಿನಷ್ಟಲ್ಲದಿದ್ದರೂ ಒಂದು ಕೂದಲೆಳೆಯಷ್ಟು ಸಂದಿ ಉಳಿಸಿಕೊಂಡನೋ ಹೇಳಲಾಗುವಂತಿರಲಿಲ್ಲ. ಆಟಕ್ಕೆ ಅದರ ಅಗತ್ಯವೇ ಇರಲಿಲ್ಲ, ಆದರೂ ಮೇಜಿನ ಕೆಳಗೆ ಅವನ ಎಡಗೈ ಯಾರಿಗೂ ಕಾಣದಂತೆ ಒಂದು ಗಂಟನ್ನು ಬಿಚ್ಚತೊಡಗಿತ್ತು. ಎದುರಿಗೆ ಹೆಂಡತಿ ರಟ್ಟಿನ ಮರೆಯ ಮೇಲಿಂದ ಇಬ್ಬರನ್ನೂ ನೋಡುತ್ತ ಬಾಯಿ ತೆರೆದಳು. ಏನಾಗುತ್ತದೆಂದು ಗೊತ್ತಿದ್ದದ್ದು ಆ ಕೋಣೆಯಲ್ಲಿ ಅವಳೊಬ್ಬಳಿಗೇ.